ಉಸಿರು ಬಿಡುವುದರಲ್ಲಿದೆ ಗುಟ್ಟು

ಪರೀಕ್ಷೆ ಬರೆಯಲು ಹೊರಟ ಮಗಳಿಗೆ, ಇಂಟರ್‌ವ್ಯೂಗೆ ಕಾದು ಕುಳಿತ ತಮ್ಮನಿಗೆ, ಆಪರೇಷನ್ ಥಿಯೇಟರ್ ಮುಂದೆ ಶತಪಥ ಹಾಕುವ ಅಣ್ಣನಿಗೆ ನಾವೆಲ್ಲ ಕೊಡುವ ಸಲಹೆ ಒಂದೇ: "ಜೋರಾಗಿ ಒಂದು ಉಸಿರು ತಗೊ, ಎಲ್ಲ ಸರಿಹೋಗುತ್ತೆ." ಹೇಳಿಸಿಕೊಂಡವರು ಭುಜ ಮೇಲೆತ್ತಿ, ಎದೆ ಉಬ್ಬಿಸಿ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾರೆ. ಮರುಕ್ಷಣವೇ ಹುಸ್ಸೆಂದು ಬಿಟ್ಟುಬಿಡುತ್ತಾರೆ. ಎದೆ ಹೊಡೆದುಕೊಳ್ಳುವುದು ನಿಂತಿರುವುದಿಲ್ಲ. ಐದಾರು ಸಲ ಇದನ್ನೇ ಮಾಡಿದರೆ ತಲೆ ಸುತ್ತಿದಂತಾಗಿ ಗಾಬರಿ ಇನ್ನಷ್ಟು ಏರುವುದೂ ಉಂಟು.

ಸಲಹೆ ಒಳ್ಳೆಯ ಮನಸ್ಸಿನದೇ, ಆದರೆ ಒತ್ತು ಬೀಳಬೇಕಾದ ಕಡೆ ಬಿದ್ದಿಲ್ಲ. ಒತ್ತಡ ಇಳಿಯಬೇಕಾದರೆ ಉಸಿರು ದೊಡ್ಡದಾಗಬೇಕಿಲ್ಲ, ನಿಧಾನವಾಗಬೇಕು. ಅದರಲ್ಲೂ ಹೊರಗೆ ಬಿಡುವ ಉಸಿರು ಒಳಗೆ ಎಳೆಯುವ ಉಸಿರಿಗಿಂತ ಉದ್ದವಾಗಬೇಕು. ಇಷ್ಟು ತಿಳಿದರೆ ಉಸಿರಾಟದ ಅಭ್ಯಾಸದ ಮುಖ್ಯ ಪಾಠ ಮುಗಿದಂತೆ. ಅದು ಯಾಕೆ ಹಾಗೆ, ಮಾಡುವುದು ಹೇಗೆ, ಯಾರು ಹುಷಾರಾಗಿರಬೇಕು ಎಂಬುದನ್ನು ಮುಂದೆ ನೋಡೋಣ.

ತಾನಾಗಿಯೂ ನಡೆಯುತ್ತದೆ, ಹೇಳಿದಂತೆಯೂ ಕೇಳುತ್ತದೆ

ಹೃದಯದ ಬಡಿತ, ಕರುಳಿನ ಚಲನೆ, ರಕ್ತದೊತ್ತಡ, ಬೆವರು ಇವೆಲ್ಲ ನಮ್ಮ ಅಪ್ಪಣೆಗೆ ಕಾಯದೆ ನಡೆಯುವ ಕೆಲಸಗಳು. "ನಿಧಾನವಾಗಿ ಬಡಿ" ಎಂದು ಹೃದಯಕ್ಕೆ ಹೇಳಿದರೆ ಅದು ಕೇಳುವುದಿಲ್ಲ. ಉಸಿರಾಟವೂ ಈ ಗುಂಪಿಗೇ ಸೇರಿದ್ದು, ನಿದ್ದೆಯಲ್ಲೂ ನಿಲ್ಲದೆ ನಡೆಯುತ್ತದೆ. ಆದರೆ ಬೇಕೆಂದಾಗ ಅದನ್ನು ತಡೆಯಬಹುದು, ಎಳೆಯಬಹುದು, ನಿಧಾನಿಸಬಹುದು. ಮಾತಾಡುವಾಗ, ಹಾಡುವಾಗ, ಈಜುವಾಗ ನಾವು ಮಾಡುವುದು ಇದನ್ನೇ. ಒಳಗಿನ ವ್ಯವಸ್ಥೆಯನ್ನು ಮುಟ್ಟಲು ನಮಗಿರುವ ಅತ್ಯಂತ ಸುಲಭದ ದಾರಿ ಇದು.

ಉಸಿರಿನ ಲಯ ಹುಟ್ಟುವುದು ಮೆದುಳಿನ ಕಾಂಡದಲ್ಲಿ. ಅಲ್ಲಿ ಪ್ರಿ-ಬಾಟ್ಸಿಂಗರ್ ಕಾಂಪ್ಲೆಕ್ಸ್ ಎಂಬ ನರಕೋಶಗಳ ಪುಟ್ಟ ಗುಂಪೊಂದಿದೆ. ಲಯದ ಮೂಲ ಇಲ್ಲಿದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಜಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಈ ಗುಂಪಿನ ಕೆಲವು ಕೋಶಗಳು ಮೆದುಳನ್ನು ಎಚ್ಚರದ, ಗಾಬರಿಯ ಸ್ಥಿತಿಯಲ್ಲಿಡುವ ಇನ್ನೊಂದು ಕೇಂದ್ರಕ್ಕೂ ಸಂದೇಶ ಕಳಿಸುತ್ತವೆ ಎಂಬುದು 2017ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಿಂದ ಗೊತ್ತಾಯಿತು. ಆ ಕೆಲವೇ ಕೋಶಗಳನ್ನು ಇಲ್ಲವಾಗಿಸಿದಾಗ ಇಲಿಗಳು ಉಸಿರಾಡುತ್ತಲೇ ಇದ್ದವು, ಆದರೆ ಅಸಾಮಾನ್ಯವಾಗಿ ಶಾಂತವಾದವು. ಉಸಿರಿನ ವೇಗವನ್ನು ಮೆದುಳು ಸದಾ ಗಮನಿಸುತ್ತಿರುತ್ತದೆ, ಅದಕ್ಕೆ ತಕ್ಕಂತೆ ತನ್ನ ಎಚ್ಚರದ ಮಟ್ಟವನ್ನೂ ಬದಲಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸುಳಿವು.

ಗಾಳಿಯ ಲೆಕ್ಕ

ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದು ಸಲಕ್ಕೆ ಒಳಗೆ ಹೋಗುವುದು ಹತ್ತಿರಹತ್ತಿರ ಅರ್ಧ ಲೀಟರ್ ಗಾಳಿ. ಇದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹಾಗೇ ಹೊರಗೆ ಬರುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಗೂಡುಗಳನ್ನು ಅದು ತಲುಪುವುದೇ ಇಲ್ಲ.

ಈಗ ಲೆಕ್ಕ ಹಾಕಿ. ನಿಮಿಷಕ್ಕೆ 12 ಸಲ, ತಲಾ 500 ಮಿಲಿಲೀಟರ್ ಎಂದರೆ ಒಟ್ಟು 6 ಲೀಟರ್. ಅದರಲ್ಲಿ ದಾರಿಯಲ್ಲೇ ಉಳಿಯುವ 1.8 ಲೀಟರ್ ಕಳೆದರೆ ಗಾಳಿಗೂಡಿಗೆ ತಲುಪಿದ್ದು 4.2 ಲೀಟರ್. ನಿಮಿಷಕ್ಕೆ 6 ಸಲ ಮಾತ್ರ ಉಸಿರಾಡಿದರೆ ದಾರಿಯಲ್ಲಿ ನಷ್ಟವಾಗುವುದು ಬರೀ 0.9 ಲೀಟರ್. ಹಾಗಾಗಿ ತಲಾ 850 ಮಿಲಿಲೀಟರ್ ಎಳೆದುಕೊಂಡರೆ ಅದೇ 4.2 ಲೀಟರ್ ಸಿಗುತ್ತದೆ. ವೇಗ ಅರ್ಧಕ್ಕೆ ಇಳಿದರೂ ಉಸಿರಿನ ಗಾತ್ರ ಎರಡರಷ್ಟಾಗಬೇಕಿಲ್ಲ. ನಿಧಾನದ ಉಸಿರಿಗೆ ಎದೆ ಬಿರಿಯುವಷ್ಟು ಗಾಳಿ ತುಂಬಿಕೊಳ್ಳುವ ಅಗತ್ಯವಿಲ್ಲ ಎನ್ನುವುದು ಇದಕ್ಕೇ.

"ದೀರ್ಘವಾಗಿ ಉಸಿರಾಡಿದರೆ ಮೈಗೆ ಹೆಚ್ಚು ಆಮ್ಲಜನಕ ಸಿಗುತ್ತದೆ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ನೆನಪಿಸಿಕೊಳ್ಳಿ. ಆರೋಗ್ಯವಂತರ ಬೆರಳಿಗೆ ಸಿಕ್ಕಿಸಿದರೆ ಸುಮ್ಮನೆ ಕುಳಿತಾಗಲೂ ಅದು 95ರಿಂದ 100 ತೋರಿಸುತ್ತದೆ. ಆಗಲೇ ತುಂಬಿರುವ ರಕ್ತಕ್ಕೆ ಮತ್ತೆ ತುಂಬುವುದೇನಿದೆ? ನಿಧಾನದ ಉಸಿರಿನಿಂದ ನೆಮ್ಮದಿ ಸಿಗಲು ಕಾರಣ ಬೇರೆಯೇ ಇದೆ.

ಗಾಬರಿಯಾದಾಗ ಆಗುವುದೇನು?

ಭಯವಾದಾಗ, ಸಿಟ್ಟು ಬಂದಾಗ, ಡೆಡ್‌ಲೈನ್ ಹತ್ತಿರವಾದಾಗ ಸಿಂಪಥೆಟಿಕ್ ನರವ್ಯೂಹ ಚುರುಕಾಗುತ್ತದೆ. ಓಡಲು ಅಥವಾ ಹೊಡೆದಾಡಲು ಮೈಯನ್ನು ಸಿದ್ಧಗೊಳಿಸುವುದು ಅದರ ಕೆಲಸ. ಹೃದಯದ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ, ಉಸಿರಿನ ವೇಗ ಹೆಚ್ಚುತ್ತದೆ. ನಿಜವಾಗಿ ಓಡುವುದಿದ್ದರೆ ಇದೆಲ್ಲ ಬೇಕು. ಕುರ್ಚಿಯಲ್ಲಿ ಕುಳಿತು ಇ-ಮೇಲ್ ಓದುವಾಗ ಹೀಗಾದರೆ ಮೈಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಆಡುತ್ತದೆ, ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚಾಗಿ ಹೊರಗೆ ಹೋಗಿಬಿಡುತ್ತದೆ.

ಈ ಅನಿಲವನ್ನು ಬರೀ ಕಸ ಎಂದುಕೊಂಡವರೇ ಹೆಚ್ಚು. ರಕ್ತದ ಆಮ್ಲೀಯತೆಯ ಸಮತೋಲ ಕಾಯುವುದು, ಮೆದುಳಿನ ರಕ್ತನಾಳಗಳು ಎಷ್ಟು ಅಗಲವಾಗಿರಬೇಕೆಂದು ತೀರ್ಮಾನಿಸುವುದು ಇದರದೇ ಕೆಲಸ. ಇದರ ಮಟ್ಟ ಇಳಿದರೆ ಆ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾದಂತೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮುಜುಮು ಎಂದಂತೆ, ಎದೆ ಹಿಡಿದಂತೆ ಅನ್ನಿಸುವುದು ಆಗಲೇ. ಉಸಿರು ಸಾಲುತ್ತಿಲ್ಲ ಎಂದು ಭಾವಿಸಿ ಇನ್ನಷ್ಟು ಎಳೆದುಕೊಂಡರೆ ಆ ಅನಿಲ ಇನ್ನೂ ಕಡಿಮೆಯಾಗುತ್ತದೆ. "ಜೋರಾಗಿ ಉಸಿರು ತಗೊ" ಎಂಬ ಸಲಹೆ ಕೈಕೊಡುವುದು ಇಲ್ಲಿ.

ನಾಡಿ ಹಿಡಿದು ನೋಡಿ

ಬಿಡುವ ಉಸಿರಿನ ಶಕ್ತಿಯನ್ನು ಯಾವ ಯಂತ್ರವೂ ಇಲ್ಲದೆ ನೀವೇ ಪರೀಕ್ಷಿಸಬಹುದು. ಎಡಗೈಯನ್ನು ಅಂಗಾತ ತೊಡೆಯ ಮೇಲಿಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ, ಬಲಗೈಯ ಎರಡು ಬೆರಳನ್ನು ಹಗುರವಾಗಿ ಒತ್ತಿ ನಾಡಿ ಹುಡುಕಿ. ಸಿಕ್ಕಿದ ಮೇಲೆ ಐದು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ, ಮತ್ತೆ ಐದು ಎಣಿಸುತ್ತ ಬಿಡಿ. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ: ಎಳೆಯುವಾಗ ನಾಡಿ ಟಕಟಕನೆ ಓಡುತ್ತದೆ, ಬಿಡುವಾಗ ಬಡಿತಗಳ ನಡುವಿನ ಅಂತರ ಹಿಗ್ಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಸ್ಪಷ್ಟ, ವಯಸ್ಸಾದಂತೆ ಮಂದವಾಗುತ್ತದೆ. ಗೊತ್ತಾಗಲಿಲ್ಲ ಎಂದು ಚಿಂತಿಸಬೇಕಿಲ್ಲ.

ಇದು ವೇಗಸ್ ನರದ ಕೆಲಸ. ಮೆದುಳಿನಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ ಮುಟ್ಟಿ ಹೊಟ್ಟೆಯವರೆಗೂ ಇಳಿಯುವ ಈ ಹತ್ತನೆಯ ಕಪಾಲನರ, ಮೈಗೆ ವಿಶ್ರಾಂತಿ ಕೊಡುವ ಪ್ಯಾರಾಸಿಂಪಥೆಟಿಕ್ ವ್ಯವಸ್ಥೆಯ ಮುಖ್ಯ ನರ. ಹೃದಯದ ಬಡಿತವನ್ನು ಅದು ಸದಾ ತಗ್ಗಿಸಿ ಹಿಡಿದಿರುತ್ತದೆ. ಉಸಿರು ಎಳೆದುಕೊಳ್ಳುವಾಗ ಆ ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ಬಿಡುವಾಗ ಮತ್ತೆ ಬಿಗಿಯಾಗುತ್ತದೆ. ಆದ್ದರಿಂದ ಬಿಡುವ ಹೊತ್ತನ್ನು ಹಿಗ್ಗಿಸಿದಷ್ಟೂ ಹೃದಯ ನಿಧಾನಿಸುವ ಹೊತ್ತೂ ಹಿಗ್ಗುತ್ತದೆ.

ನಿಮಿಷಕ್ಕೆ ಆರೇ ಯಾಕೆ?

ಕುತ್ತಿಗೆಯ ಮತ್ತು ಎದೆಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ರಕ್ತದೊತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಹೃದಯವನ್ನು ನಿಧಾನಿಸುವುದು, ಇಳಿದರೆ ಚುರುಕುಗೊಳಿಸುವುದು ಅವುಗಳ ಕೆಲಸ. ಈ ಹೊಂದಾಣಿಕೆಯ ಒಂದು ಸುತ್ತಿಗೆ ಹತ್ತಿರಹತ್ತಿರ 10 ಸೆಕೆಂಡು ಹಿಡಿಯುತ್ತದೆ. ಉಸಿರಿನ ಒಂದು ಸುತ್ತೂ 10 ಸೆಕೆಂಡಿಗೆ ಬಂದರೆ, ಅಂದರೆ ನಿಮಿಷಕ್ಕೆ ಆರಾದರೆ, ಎರಡೂ ಲಯಗಳು ಒಂದಕ್ಕೊಂದು ಕೂಡಿ ಬಲಗೊಳ್ಳುತ್ತವೆ. ಎಲ್ಲರಿಗೂ ಸರಿಯಾಗಿ ಆರೇ ಎಂದೇನಿಲ್ಲ. ಕೆಲವರಿಗೆ ಐದು ಹಿತ, ಕೆಲವರಿಗೆ ಏಳು.

ಇಟಲಿಯ ವೈದ್ಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನ ಸೆಳೆಯುತ್ತದೆ. ಅವರು 23 ಮಂದಿಯಿಂದ ಒಮ್ಮೆ ಜಪಸರದ ಲ್ಯಾಟಿನ್ ಪ್ರಾರ್ಥನೆಯನ್ನೂ ಇನ್ನೊಮ್ಮೆ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು, ರಕ್ತದೊತ್ತಡದ ಹೊಂದಾಣಿಕೆ ಚುರುಕಾಯಿತು. ಮಾತು, ಹಾಡು, ಪಠಣ ಎಲ್ಲ ನಡೆಯುವುದು ಬಿಡುವ ಉಸಿರಿನ ಮೇಲೆಯೇ. ಸಾಲು ಉದ್ದವಾದಷ್ಟೂ ಬಿಡುವ ಉಸಿರೂ ಉದ್ದವಾಗುತ್ತದೆ. ಮನೆಯ ಹಿರಿಯರು ಸಂಜೆ ದೀಪ ಹಚ್ಚಿ ರಾಗವಾಗಿ ಸ್ತೋತ್ರ ಹೇಳುವಾಗ, ಭಜನೆಯಲ್ಲಿ ಸಾಲು ಎಳೆದು ಹಾಡುವಾಗ, ಯಾರೂ ಹೇಳಿಕೊಡದೆಯೇ ಈ ಅಭ್ಯಾಸ ನಡೆದಿರುತ್ತದೆ.

ನಮ್ಮ ನೆಲಕ್ಕೆ ಈ ವಿಷಯ ಹೊಸದಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 'ಯೋಗ ಮಕರಂದ'ವನ್ನು 1934ರಲ್ಲಿ ಬರೆದದ್ದು ಕನ್ನಡದಲ್ಲಿ. ಅವರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಪ್ರಾಣಾಯಾಮಕ್ಕೆಂದೇ ಪ್ರತ್ಯೇಕ ಗ್ರಂಥ ಬರೆದರು. ಆಸನಗಳಲ್ಲಿ ಮೈ ಪಳಗಿದ ಮೇಲಷ್ಟೇ ಪ್ರಾಣಾಯಾಮ ಎಂಬ ಕಟ್ಟುನಿಟ್ಟು ಈ ಪರಂಪರೆಯದು. ಕೆಳಗೆ ಹೇಳುವ ಸರಳ ಅಭ್ಯಾಸಗಳಿಗೆ ಅಷ್ಟು ಪೂರ್ವಸಿದ್ಧತೆ ಬೇಕಿಲ್ಲ. ಆದರೆ ಉಸಿರು ಹಿಡಿದು ನಿಲ್ಲಿಸುವ ದೀರ್ಘ ಕುಂಭಕ, ವೇಗದ ಭಸ್ತ್ರಿಕಾ ಮುಂತಾದವನ್ನು ಇಂದಿಗೂ ಗುರುಮುಖೇನ ಕಲಿಯುವುದೇ ಸರಿ.

ಮೊದಲು ವಪೆಯನ್ನು ಎಬ್ಬಿಸಿ

ಎದೆಗೂಡಿನ ತಳದಲ್ಲಿ, ಶ್ವಾಸಕೋಶ ಮತ್ತು ಹೊಟ್ಟೆಯ ನಡುವೆ, ಬಿಚ್ಚಿದ ಛತ್ರಿಯ ಆಕಾರದಲ್ಲಿ ಹರಡಿರುವ ಸ್ನಾಯುವೇ ವಪೆ. ಅದು ಸಂಕುಚಿಸಿ ಕೆಳಗಿಳಿದಾಗ ಶ್ವಾಸಕೋಶಕ್ಕೆ ಜಾಗ ಸಿಕ್ಕಿ ಗಾಳಿ ಒಳಗೆ ಬರುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಸಡಿಲವಾಗಿ ಮೇಲೇರಿದಾಗ ಗಾಳಿ ಹೊರಗೆ ಹೋಗುತ್ತದೆ. ಹಸುಗೂಸು ಮಲಗಿರುವಾಗ ಹೊಟ್ಟೆ ಏರಿಳಿಯುವುದನ್ನು ನೋಡಿರುತ್ತೀರಿ. ದೊಡ್ಡವರಾದ ಮೇಲೆ ಬಿಗಿಯಾದ ಬೆಲ್ಟ್, ಬಾಗಿ ಕೂರುವ ರೂಢಿ, ಹೊಟ್ಟೆ ಒಳಗೆಳೆದುಕೊಳ್ಳುವ ಅಭ್ಯಾಸ ಸೇರಿ ಕೆಲಸವೆಲ್ಲ ಎದೆಯ ಮೇಲ್ಭಾಗಕ್ಕೆ ಬೀಳುತ್ತದೆ.

ಅಭ್ಯಾಸ ಶುರುವಾಗುವುದು ಇಲ್ಲಿಂದ:

1. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಪಾದ ನೆಲಕ್ಕೂರಿ. ಊಟವಾಗಿ ಎರಡು ಗಂಟೆಯಾದರೂ ಕಳೆದಿದ್ದರೆ ಒಳ್ಳೆಯದು.
2. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಮೇಲೆ ಇಡಿ.
3. ಮೂಗಿನಿಂದ ಸದ್ದಿಲ್ಲದೆ ಉಸಿರು ಎಳೆದುಕೊಳ್ಳಿ. ಹೊಟ್ಟೆಯ ಮೇಲಿನ ಕೈ ಮೊದಲು ಏಳಬೇಕು, ಎದೆಯ ಮೇಲಿನ ಕೈ ಹೆಚ್ಚು ಅಲುಗಬಾರದು.
4. ಹೊಟ್ಟೆಯನ್ನು ಬಲವಂತವಾಗಿ ಉಬ್ಬಿಸಬೇಡಿ. ಗಾಳಿ ಬಂದಂತೆ ಅದು ತಾನಾಗಿ ಏಳಲಿ.
5. ಬಿಡುವಾಗ ನೂಕಬೇಡಿ. ಸೋರಿಹೋಗಲು ಬಿಡಿ. ಪೂರ್ತಿ ಹೊರಟ ಮೇಲೆ ಮುಂದಿನ ಉಸಿರು ತಾನೇ ಬರುವವರೆಗೆ ಅರೆಗಳಿಗೆ ಸುಮ್ಮನಿರಿ.

ಕೆಲವು ದಿನ ಹೀಗೆ ಮಾಡಿದ ಮೇಲೆ ಕುಳಿತು, ಆಮೇಲೆ ನಿಂತು ಇದೇ ರೀತಿ ಉಸಿರಾಡಲು ಕಲಿಯಿರಿ. ನೆಲದ ಮೇಲೆ ಪದ್ಮಾಸನವೇ ಆಗಬೇಕೆಂದಿಲ್ಲ. ಬೆನ್ನು ನೇರ ಇರುವ ಕುರ್ಚಿ ಸಾಕು.

ವಪೆ ಪಳಗಿದ ಮೇಲೆ ಎಣಿಕೆ ಸೇರಿಸಿ. ನಾಲ್ಕು ಎಣಿಸುತ್ತ ಎಳೆಯುವುದು, ಆರು ಎಣಿಸುತ್ತ ಬಿಡುವುದು. ಒಂದು ಸುತ್ತಿಗೆ 10 ಸೆಕೆಂಡು. ಅಷ್ಟು ಹೊತ್ತು ಬಿಡಲು ಕಷ್ಟವಾದರೆ ಮೂರು ಮತ್ತು ನಾಲ್ಕರಿಂದ ಶುರು ಮಾಡಿ. ತಲೆ ಹಗುರಾದಂತೆ ಅನ್ನಿಸಿದರೆ ನೀವು ಗಾಳಿಯನ್ನು ಹೆಚ್ಚು ಎಳೆಯುತ್ತಿದ್ದೀರಿ ಎಂದರ್ಥ. ವೇಗ ಹಾಗೇ ಇರಲಿ, ಗಾತ್ರ ಕಡಿಮೆ ಮಾಡಿ. ಆರಂಭದಲ್ಲಿ ಸ್ವಲ್ಪ ಉಸಿರು ಬೇಕು ಅನ್ನಿಸುವುದು ಸಹಜ. ಅದು ಆಮ್ಲಜನಕದ ಕೊರತೆಯಿಂದ ಬಂದ ತುಡಿತವಲ್ಲ. ಇಂಗಾಲದ ಡೈಆಕ್ಸೈಡ್ ತುಸು ಏರಿದ್ದನ್ನು ಮೆದುಳು ಗಮನಿಸಿದೆ, ಅಷ್ಟೇ. ಹಿಂಸೆಯಾಗುವ ಮಟ್ಟಕ್ಕೆ ಮಾತ್ರ ಹೋಗಬೇಡಿ.

ಯಾವ ಹೊತ್ತಿಗೆ ಯಾವುದು?

*ಒಮ್ಮೆಲೇ ಒತ್ತಡ ಏರಿದಾಗ: ಜೋಡಿ ನಿಟ್ಟುಸಿರು.* ಮೂಗಿನಿಂದ ಉಸಿರು ಎಳೆದುಕೊಳ್ಳಿ. ಬಿಡುವ ಮುನ್ನ ಅದರ ಮೇಲೆಯೇ ಇನ್ನೊಂದು ಚಿಕ್ಕ ಉಸಿರು ಸೇರಿಸಿ. ಆಮೇಲೆ ಬಾಯಿಂದ ನಿಧಾನವಾಗಿ, ಉದ್ದಕ್ಕೆ ಬಿಡಿ. ಎರಡು ಮೂರು ಸಲ ಮಾಡಿದರೆ ಭುಜ ಇಳಿಯುವುದು ಗೊತ್ತಾಗುತ್ತದೆ. ಬಿಕ್ಕಿ ಬಿಕ್ಕಿ ಅತ್ತ ಮಕ್ಕಳು ಸಮಾಧಾನವಾಗುವಾಗ ತೆಗೆಯುವ ಉಸಿರು ಇಂಥದ್ದೇ. ನಮಗೆ ಅರಿವಿಲ್ಲದಂತೆ ಗಂಟೆಗೆ ಹಲವು ಸಲ ನಿಟ್ಟುಸಿರು ಬರುತ್ತಲೇ ಇರುತ್ತದೆ. ಮುದುಡಿದ ಗಾಳಿಗೂಡುಗಳನ್ನು ಮತ್ತೆ ಬಿಚ್ಚಿಸುವುದು ಅದರ ಉದ್ದೇಶ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ತಿಂಗಳು ದಿನಕ್ಕೆ 5 ನಿಮಿಷ ಈ ಅಭ್ಯಾಸ ಮಾಡಿದವರ ಮನಸ್ಸಿನ ಉಲ್ಲಾಸ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚಾಗಿತ್ತು.

*ನಿದ್ದೆ ಬಾರದಾಗ: ಭ್ರಾಮರಿ.* ಮೂಗಿನಿಂದ ಉಸಿರು ಎಳೆದು, ತುಟಿ ಮುಚ್ಚಿ, ಹಲ್ಲುಗಳ ನಡುವೆ ತುಸು ಜಾಗ ಬಿಟ್ಟು, ದುಂಬಿಯ ಝೇಂಕಾರದಂತೆ "ಮ್‌ಮ್‌" ಎನ್ನುತ್ತ ಬಿಡಿ. ದನಿ ಮೆಲ್ಲಗಿರಲಿ. ಮೂಗಿನ ಸುತ್ತಲಿನ ಮೂಳೆಗಳಲ್ಲಿ ಕಂಪನ ಗೊತ್ತಾದರೆ ಸರಿಯಾಗಿ ಆಗುತ್ತಿದೆ. ಗುಂಯ್‌ಗುಡುತ್ತ ಉಸಿರು ಬಿಟ್ಟಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮ್ಮನೆ ಬಿಟ್ಟಾಗಿನದಕ್ಕಿಂತ 15 ಪಟ್ಟು ಹೆಚ್ಚಾಗುತ್ತದೆ ಎಂದು ಸ್ವೀಡನ್‌ನ ಸಂಶೋಧಕರು 2002ರಲ್ಲಿ ಅಳೆದು ತೋರಿಸಿದರು. ಸೈನಸ್ ಗೂಡುಗಳಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಎಂಬುದಕ್ಕೆ ಇದು ಗುರುತು. ಒತ್ತಡದ ಮಟ್ಟಿಗೆ ಹೇಳುವುದಾದರೆ ಇದರ ಲಾಭ ಸರಳ: ದನಿ ಹೊರಡಿಸುತ್ತ ಉಸಿರನ್ನು ಅವಸರದಲ್ಲಿ ಬಿಡಲು ಆಗುವುದಿಲ್ಲ. ಎಣಿಸುವ ಗೊಡವೆಯೇ ಬೇಡ.

*ಬೆಳಗಿನ ಅಭ್ಯಾಸಕ್ಕೆ: ನಾಡಿಶೋಧನ.* ಬಲಗೈಯ ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಎಳೆಯಿರಿ. ಉಂಗುರದ ಬೆರಳಿನಿಂದ ಎಡ ಹೊಳ್ಳೆ ಮುಚ್ಚಿ ಬಲದಿಂದ ಬಿಡಿ. ಬಲದಿಂದಲೇ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಹೊಸಬರು ನಡುವೆ ಉಸಿರು ಹಿಡಿಯುವುದು ಬೇಡ. ಒಂದೇ ಹೊಳ್ಳೆಯಲ್ಲಿ ಉಸಿರಾಡುವಾಗ ದಾರಿ ಕಿರಿದಾಗುವುದರಿಂದ ವೇಗ ತಾನಾಗಿ ತಗ್ಗುತ್ತದೆ, ಬೆರಳಿಗೂ ಕೆಲಸವಿರುವುದರಿಂದ ಅಲೆದಾಡುವ ಮನಸ್ಸು ನಿಲ್ಲುತ್ತದೆ. ನೆಗಡಿಯಾಗಿ ಮೂಗು ಕಟ್ಟಿದ ದಿನ ಇದನ್ನು ಬಿಟ್ಟುಬಿಡಿ.

ಬಸ್ಸಿನಲ್ಲಿ, ಟ್ರಾಫಿಕ್ ಸಿಗ್ನಲ್‌ನಲ್ಲಿ, ಬ್ಯಾಂಕಿನ ಸರದಿಯಲ್ಲಿ, ಬಿಪಿ ನೋಡಿಸಿಕೊಳ್ಳುವ ಮುಂಚೆ ನಾಲ್ಕು-ಆರರ ಎಣಿಕೆಯೇ ಸಾಕು. ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ.

ಹುಷಾರಾಗಿರಬೇಕಾದವರು

ಬಸುರಿಯರು, ಹೃದ್ರೋಗ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು ಉಸಿರು ಬಿಗಿಹಿಡಿಯುವ ಅಭ್ಯಾಸ ಮಾಡಬಾರದು. ಇವರ ಜೊತೆಗೆ ಮೂರ್ಛೆರೋಗ ಇರುವವರೂ ಕಪಾಲಭಾತಿ, ಭಸ್ತ್ರಿಕಾದಂಥ ವೇಗದ ವಿಧಾನಗಳಿಂದ ದೂರವಿರಬೇಕು. ವೇಗವಾಗಿ ಉಸಿರಾಡಿ ಆಮೇಲೆ ನೀರಿಗೆ ಧುಮುಕುವುದಂತೂ ಪ್ರಾಣಾಪಾಯ. ಬಾವಿ, ಕೆರೆಗಳಲ್ಲಿ ಮುಳುಗುವ ಪಂದ್ಯ ಕಟ್ಟುವ ಹುಡುಗರಿಗೆ ಇದನ್ನು ಹೇಳಲೇಬೇಕು. ಉಸಿರು ಬೇಕೆಂಬ ಎಚ್ಚರಿಕೆ ಕೊಡುವ ಇಂಗಾಲದ ಡೈಆಕ್ಸೈಡ್ ಮೊದಲೇ ಕಡಿಮೆಯಾಗಿರುವುದರಿಂದ, ಮೇಲೆ ಬರಬೇಕೆಂಬ ತುಡಿತ ಹುಟ್ಟುವ ಮೊದಲೇ ನೀರಿನೊಳಗೆ ಪ್ರಜ್ಞೆ ತಪ್ಪುತ್ತದೆ.

ಆಸ್ತಮಾ ಇರುವವರು ಇನ್‌ಹೇಲರ್ ಬಿಡಬಾರದು. ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೋಗಾಭ್ಯಾಸ ಮಾಡಿದ 53 ಆಸ್ತಮಾ ರೋಗಿಗಳಿಗೆ, ಮಾಡದ 53 ಮಂದಿಗಿಂತ ಹೆಚ್ಚು ಗುಣ ಕಂಡಿತು. ಆದರೆ ಅದು ಆಸನ, ಪ್ರಾಣಾಯಾಮ, ಧ್ಯಾನ ಸೇರಿದ ದಿನಕ್ಕೆ 65 ನಿಮಿಷದ ಅಭ್ಯಾಸ, ಔಷಧಿಯ ಜೊತೆಜೊತೆಗೇ ನಡೆದದ್ದು. ಬಿಪಿ ಮಾತ್ರೆಗೂ ಇದೇ ಮಾತು. ಕಡಿಮೆ ಮಾಡುವ ತೀರ್ಮಾನ ವೈದ್ಯರದು.

ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟರೇ ಗಾಬರಿ ಹೆಚ್ಚುತ್ತದೆ, ಪ್ಯಾನಿಕ್ ಅಟ್ಯಾಕ್ ಅನುಭವಿಸಿದವರಲ್ಲಿ ಇದು ಅಪರೂಪವಲ್ಲ. ಅಂಥವರು ಕಣ್ಣು ತೆರೆದೇ ಇರಲಿ, ನಡೆಯುತ್ತ ಹೆಜ್ಜೆ ಎಣಿಸಲಿ, ಅಥವಾ ಮೆಲ್ಲಗೆ ಹಾಡಿಕೊಳ್ಳಲಿ. ಎದೆನೋವು ಕೈಗೋ ದವಡೆಗೋ ಹಬ್ಬಿದರೆ, ತಣ್ಣನೆ ಬೆವರಿದರೆ ಉಸಿರಾಟದ ಅಭ್ಯಾಸ ಮಾಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಗಾಬರಿಯಾದವರ ಬಾಯಿಗೆ ಕಾಗದದ ಚೀಲ ಹಿಡಿಯುವ ಹಳೆಯ ಉಪಾಯವೂ ಬೇಡ. ಕಾರಣ ಆಸ್ತಮಾ ಅಥವಾ ಹೃದಯಾಘಾತವಾಗಿದ್ದರೆ ಅದು ಅಪಾಯ ತರುತ್ತದೆ.

ಎಷ್ಟು ಸಿಗುತ್ತದೆ, ಎಷ್ಟು ಸಿಗುವುದಿಲ್ಲ

ಉಸಿರಾಟದ ಅಭ್ಯಾಸಗಳ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಇವುಗಳಿಂದ ಒತ್ತಡ ಕಡಿಮೆಯಾಗುವುದು ನಿಜ, ಆದರೆ ಪರಿಣಾಮ ಸಾಧಾರಣ ಪ್ರಮಾಣದ್ದು ಎಂದಿತು. ನನಗೆ ಇದು ಭರವಸೆಯ ಮಾತಾಗಿಯೇ ಕೇಳಿಸುತ್ತದೆ. ಬಿಡಿಗಾಸಿನ ಖರ್ಚಿಲ್ಲದ, ಎಲ್ಲಿ ಬೇಕಾದರೂ ಮಾಡಬಹುದಾದ ಅಭ್ಯಾಸವೊಂದು ಇಷ್ಟು ಕೊಡುವುದೇ ದೊಡ್ಡದು. ಸಾಲ, ಕೆಲಸದ ಒತ್ತಡ, ಮನೆಯ ಜಗಳ ಇದರಿಂದ ಕರಗುವುದಿಲ್ಲ. ಕುದಿಯುವ ಮೈ ತುಸು ತಣ್ಣಗಾಗಿ, ಅವುಗಳ ಬಗ್ಗೆ ಯೋಚಿಸುವ ಶಕ್ತಿ ಮರಳುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕು ಸಾಕೆನಿಸಿದರೆ ಉಸಿರಾಟದ ಅಭ್ಯಾಸವನ್ನಷ್ಟೇ ನಂಬಿ ಕೂರಬಾರದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ದಿನಕ್ಕೆ 5 ನಿಮಿಷದಿಂದ ಶುರು ಮಾಡಿ. ಹೊತ್ತು ಗೊತ್ತು ಮಾಡಿಕೊಂಡರೆ ಅಭ್ಯಾಸ ರೂಢಿಯಾಗುತ್ತದೆ: ಬೆಳಗಿನ ಕಾಫಿಗೆ ಮುಂಚೆ, ಅಥವಾ ರಾತ್ರಿ ದೀಪ ಆರಿಸಿದ ಮೇಲೆ. ಏನೂ ಆಗದ ಶಾಂತ ದಿನಗಳಲ್ಲಿ ಮಾಡಿದ ಅಭ್ಯಾಸವೇ ಕಷ್ಟದ ದಿನ ಕೈಹಿಡಿಯುವುದು. ಗಾಬರಿಯ ನಡುವೆ ಹೊಸದನ್ನು ಕಲಿಯಲು ಯಾರಿಗೂ ಆಗುವುದಿಲ್ಲ. ಇನ್ನು ಮುಂದೆ ಯಾರಾದರೂ ಆತಂಕದಲ್ಲಿ ನಿಮ್ಮೆದುರು ನಿಂತರೆ "ಜೋರಾಗಿ ಉಸಿರು ತಗೊ" ಅನ್ನಬೇಡಿ. "ಮೆಲ್ಲಗೆ ಉಸಿರು ಬಿಡು, ಇನ್ನೂ ಮೆಲ್ಲಗೆ" ಎನ್ನಿ. ಜೊತೆಗೆ ನಿಂತು ನೀವೂ ಬಿಡಿ.